ಅಣ್ಣನಿಗೆ ಕೊಟ್ಟ ಇಲಿಯ ನಂಬರು

ನಿನ್ನ ಅಪ್ಪ ಕುಡುಕನಾಗಿರಲಿಲ್ಲ, ವೇಣಿ. ಅವನ ಕಾಲು ತಪ್ಪುತ್ತಿದ್ದುದು, ಕೈ ನಡುಗುತ್ತಿದ್ದುದು, ಕೊನೆಗೆ ಮಾತು ತೊದಲಿದ್ದು — ಯಾವುದೂ ಹೆಂಡದಿಂದಲ್ಲ. ಅದು ರೋಗ. ನಮ್ಮ ಅಪ್ಪನಿಂದ ಅವನಿಗೆ ಇಳಿದು ಬಂದ ರೋಗ. ಇದು ಇಡೀ ಕೇರಿಯಲ್ಲಿ ಒಬ್ಬಳಿಗೆ ಗೊತ್ತಿತ್ತು. ಆ ಒಬ್ಬಳು ನಾನು. ಹನ್ನೆರಡು ವರ್ಷ ನಾನು ಬಾಯಿ ಬಿಡಲಿಲ್ಲ.

ಫೋನಿನಲ್ಲಿ ಹೇಳಬೇಕೆಂದು ಈ ವಾರದಲ್ಲಿ ಎರಡು ಸಲ ನಿನಗೆ ಕರೆ ಮಾಡಿದೆ. ಮೊದಲ ಸಲ ನೀನು ನಿನ್ನ ಮದುವೆಯ ಧಾರೆಯ ಸೀರೆಗೆ ಯಾವ ಬಣ್ಣ ಎಂದು ಕೇಳಿದೆ. ಎರಡನೆಯ ಸಲ ಕುಮಟಾದ ಬಸ್‌ಸ್ಟ್ಯಾಂಡಿನಲ್ಲಿದ್ದೆ, ಗದ್ದಲ, ಆಮೇಲೆ ಮಾಡುತ್ತೇನೆ ಅತ್ತೆ ಎಂದೆ. ನನಗೆ ಒಳಗೊಳಗೆ ಸಮಾಧಾನವೇ ಆಯಿತು. ಹೇಳದೆ ಉಳಿದಾಗಲೆಲ್ಲ ಒಂದು ಸಮಾಧಾನ ಆಗುತ್ತದೆ ನೋಡು — ಅದರ ರುಚಿ ಹತ್ತಿದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಬರೆದದ್ದನ್ನು ನಡುವೆ ನುಂಗಲಾಗುವುದಿಲ್ಲ.

ನಾನು ಮದುವೆಗೆ ಮೊದಲು ಘಟ್ಟದ ಮೇಲಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ, ನಿನಗೆ ಗೊತ್ತು. ನೀನು ಚಿಕ್ಕವಳಿದ್ದಾಗ 'ಇಲಿ ಅತ್ತೆ' ಎಂದು ಕರೆಯುತ್ತಿದ್ದೆ. ಆದರೆ ಅಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ಯಾರೂ ಸರಿಯಾಗಿ ಕೇಳಲಿಲ್ಲ. ಇಲಿಗೆ ಅನ್ನ ಹಾಕುವ ಕೆಲಸ ಎಂದು ನನ್ನ ಹೆತ್ತ ಆಯಿ ಮೀನು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ನಾನೂ ತಿದ್ದಲಿಲ್ಲ. ಈಗ ಹೇಳುತ್ತೇನೆ, ಅದು ಗೊತ್ತಾಗದೆ ನನ್ನ ತಪ್ಪು ಎಷ್ಟು ದೊಡ್ಡದೆಂದು ನಿನಗೆ ಗೊತ್ತಾಗುವುದಿಲ್ಲ.

ನಮ್ಮ ತಲೆಯ ಹಿಂಭಾಗದಲ್ಲಿ, ಕುತ್ತಿಗೆಯ ಮೇಲೆ, ಕಿರುಮಿದುಳು ಎಂದು ಒಂದು ಭಾಗ ಇದೆ. ನಡೆಯುವಾಗ ಹೆಜ್ಜೆ ಎಲ್ಲಿ ಇಡಬೇಕು, ಲೋಟ ಹಿಡಿಯಲು ಕೈ ಎಷ್ಟು ಚಾಚಬೇಕು ಎಂದು ಲೆಕ್ಕ ಇಡುವುದು ಅದು. ಕೆಲವು ಮನೆತನಗಳಲ್ಲಿ ಒಂದು ಜೀನು ಕೆಟ್ಟು, ಆ ಭಾಗದ ಕೋಶಗಳು ನಡುವಯಸ್ಸಿನಲ್ಲಿ ಒಂದೊಂದಾಗಿ ಸಾಯುತ್ತವೆ. ಆ ಮನುಷ್ಯರ ಕೆಟ್ಟ ಜೀನನ್ನೇ ಸೇರಿಸಿ ಬೆಳೆಸಿದ ಇಲಿಗಳು ನಮ್ಮಲ್ಲಿದ್ದವು. ಕಪ್ಪು ಇಲಿಗಳು, ಹೆಬ್ಬೆರಳಿನಷ್ಟು. ಹುಟ್ಟುವಾಗ ಎಲ್ಲ ಮರಿಗಳೂ ಒಂದೇ ಥರ. ಒಂದು ಸೂಲಿನ ಎಂಟು ಮರಿಗಳಲ್ಲಿ ಯಾವ ನಾಲ್ಕಕ್ಕೆ ಬರುತ್ತದೆ, ಯಾವ ನಾಲ್ಕು ಪಾರಾಗುತ್ತವೆ ಎಂದು ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ. ಬಾಲದ ತುದಿ ಒಂದು ಚೂರು ಕತ್ತರಿಸಿ, ಅದರ ಜೀನು ತೆಗೆದು ಪರೀಕ್ಷಿಸಬೇಕು. ಆ ಕತ್ತರಿ ನನ್ನ ಕೈಯಲ್ಲಿತ್ತು. ಪರೀಕ್ಷೆಯೂ ನನ್ನದೇ.

ಅವು ದೊಡ್ಡವಾದ ಮೇಲೆ ತಿರುಗುವ ಕೋಲಿನ ಮೇಲೆ ನಿಲ್ಲಿಸುತ್ತಿದ್ದೆವು. ಒಳ್ಳೆಯ ಇಲಿ ಕೋಲು ತಿರುಗಿದಂತೆ ಹೆಜ್ಜೆ ಹಾಕುತ್ತ ನಿಲ್ಲುತ್ತದೆ. ರೋಗದ ಇಲಿ ಬೀಳುತ್ತದೆ. ಎಷ್ಟು ಸೆಕೆಂಡಿಗೆ ಬಿತ್ತು ಎಂದು ನಾನು ಬರೆಯುತ್ತಿದ್ದೆ. ಇನ್ನೊಂದು ಪರೀಕ್ಷೆ ಇತ್ತು: ಇಲಿಯ ಮುಂಗಾಲಿಗೆ ಕೆಂಪು ಶಾಯಿ, ಹಿಂಗಾಲಿಗೆ ನೀಲಿ ಶಾಯಿ ಹಚ್ಚಿ ಉದ್ದದ ಬಿಳಿ ಹಾಳೆಯ ಮೇಲೆ ನಡೆಸುವುದು. ಒಳ್ಳೆಯ ಇಲಿಯ ಕೆಂಪಿನ ಮೇಲೇ ನೀಲಿ ಬೀಳುತ್ತದೆ, ನೇರ ಸಾಲು. ರೋಗದ ಇಲಿಯದು ಅಗಲ ಅಗಲ, ಒಮ್ಮೆ ಈಚೆ, ಒಮ್ಮೆ ಆಚೆ, ನಡುವೆ ಕಾಲು ಎಳೆದ ಗೆರೆ. ಸ್ಕೇಲು ಹಿಡಿದು ಹೆಜ್ಜೆಗಳ ನಡುವಿನ ಅಗಲ ಅಳೆಯುವುದು ನನ್ನ ಕೆಲಸ. ಎರಡು ವರ್ಷ ಅದನ್ನೇ ಮಾಡಿದ ಮೇಲೆ ಸ್ಕೇಲೂ ಬೇಕಾಗುತ್ತಿರಲಿಲ್ಲ, ಹಾಳೆ ನೋಡಿದರೆ ಸಾಕಿತ್ತು.

ಚೌತಿಗೆ ರಜೆ ಹಾಕಿ ಮನೆಗೆ ಬಂದಿದ್ದೆ. ನಿನಗೆ ಹನ್ನೊಂದು ವರ್ಷ. ಅಂಗಳದಲ್ಲಿ ನಿನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಮೊಬೈಲಿನಲ್ಲಿ ನನ್ನ ಇಲಿಯ ವಿಡಿಯೋ ತೋರಿಸಿದೆ — ನಾಲ್ಕುನೂರ ಹನ್ನೆರಡನೇ ನಂಬರಿನ ಇಲಿ, ಬಿದ್ದರೂ ಬಿದ್ದರೂ ಮತ್ತೆ ಹತ್ತಲು ನೋಡುತ್ತಿದ್ದ ಹಟಮಾರಿ. ನಿನಗೆ ನೆನಪಿದೆಯೋ ಇಲ್ಲವೋ, ನೀನು ಬಿದ್ದು ಬಿದ್ದು ನಕ್ಕೆ. ಆಮೇಲೆ ಹೇಳಿದೆ:

"ಅತ್ತೆ, ಇದು ಅಪ್ಪನ ಹಾಂಗೇ ನಡೀತದೆ ನೋಡು."

ನಿನ್ನಮ್ಮ ಒಳಗಿನಿಂದ ಗದರಿದಳು. ಆಯಿ ನಕ್ಕಳು. ಬಾಗಿಲಲ್ಲಿ ಬಲೆ ಹೊಲಿಯುತ್ತ ಕುಳಿತಿದ್ದ ಅಣ್ಣನೂ ನಕ್ಕ, ಅದಕ್ಕೂ ಮಧ್ಯಾಹ್ನವೇ ಶೇಂದಿ ಕುಡಿಸಿದ್ದೀಯೇನೇ ತಂಗಿ ಎಂದು ನನ್ನನ್ನು ಕಿಚಾಯಿಸಿದ. ನಾನೊಬ್ಬಳೇ ನಗಲಿಲ್ಲ. ಎರಡು ವರ್ಷ ಹಾಳೆ ಅಳೆದವಳು ನಾನು. ಕಂಡು ಹಿಡಿದವಳು ನೀನು. ಇದನ್ನು ನೀನು ತಿಳಿದಿರಬೇಕು. ಆ ಮನೆಯಲ್ಲಿ ನಿಜವನ್ನು ಮೊದಲು ಹೇಳಿದವಳು ನೀನೇ.

ಮರುದಿನ ಬೆಳಿಗ್ಗೆ ಅವನ ಹಿಂದೆ ಸಮುದ್ರದಂಡೆಗೆ ಹೋದೆ. ಇಳಿತದ ಹೊತ್ತು, ಮರಳು ಒದ್ದೆ. ಅವನು ಮುಂದೆ, ನಾನು ಹಿಂದೆ. ಅವನ ಹೆಜ್ಜೆಗಳು ಮರಳಿನ ಮೇಲೆ ಬಿದ್ದಿದ್ದವು — ಅಗಲ ಅಗಲ, ಒಮ್ಮೆ ಈಚೆ, ಒಮ್ಮೆ ಆಚೆ. ಒಂದು ಕಾಲದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಒಂದು ಬೋಟಿನ ಅಂಚಿನಿಂದ ಇನ್ನೊಂದರ ಅಂಚಿಗೆ ಕೈ ಹಿಡಿಯದೆ ದಾಟುತ್ತಿದ್ದವನು. ನಾನು ಅಲ್ಲೇ ನಿಂತೆ. ನಮ್ಮ ಅಪ್ಪನೂ ಕೊನೆಗಾಲದಲ್ಲಿ ಹೀಗೇ ನಡೆಯುತ್ತಿದ್ದ. ಐವತ್ತರ ಹತ್ತಿರ ಹತ್ತಿರ ಅವನಿಗೂ ಕಾಲಿನ ಹಿಡಿತ ತಪ್ಪಿತ್ತು, ಅವನನ್ನೂ ಊರು ಕುಡುಕನೆಂದೇ ಸುಟ್ಟಿತ್ತು. ಅಷ್ಟು ದಿನ ನನಗೂ ಹಾಗೇ ಅನಿಸಿತ್ತಲ್ಲ.

ಸಕ್ಕರೆ ಕಾಯಿಲೆ ಇದೆಯೋ ನೋಡುತ್ತೇನೆ ಎಂದು ಸುಳ್ಳು ಹೇಳಿ ಅಣ್ಣನ ಬೆರಳು ಚುಚ್ಚಿದೆ. ಅವನು ನಗುತ್ತ ಕೈ ಕೊಟ್ಟ. ನಿನ್ನ ಇಲಿಗಳಿಗೂ ಹೀಗೇ ಚುಚ್ಚುತ್ತೀಯೋ ಎಂದು ಕೇಳಿದ. ರಕ್ತದ ಹನಿಯನ್ನು ಹೀರುಕಾಗದದ ಮೇಲೆ ಒಣಗಿಸಿ ಪುಸ್ತಕದ ನಡುವೆ ಇಟ್ಟುಕೊಂಡೆ. ಆಮೇಲೆ ಕೋಣೆಯ ಬಾಗಿಲು ಹಾಕಿ ನನ್ನ ಬೆರಳನ್ನೂ ಚುಚ್ಚಿಕೊಂಡೆ. ಅಪ್ಪನ ರೋಗ ಅಣ್ಣನಿಗೆ ಬಂದಿದ್ದರೆ ನನಗೂ ಅರ್ಧಕ್ಕರ್ಧ ಇತ್ತು.

ಇಲಿಯಲ್ಲಿದ್ದದ್ದು ಮನುಷ್ಯರ ಜೀನೇ ಆದ್ದರಿಂದ, ಇಲಿಗೆ ಮಾಡುವ ಪರೀಕ್ಷೆ ಮನುಷ್ಯರ ರಕ್ತಕ್ಕೂ ನಡೆಯುತ್ತದೆ. ಆದರೆ ಮನುಷ್ಯರ ರಕ್ತವನ್ನು ಅಲ್ಲಿ ಹಾಗೆಲ್ಲ ಪರೀಕ್ಷಿಸುವಂತಿಲ್ಲ, ಒಪ್ಪಿಗೆ ಬೇಕು, ನಿಯಮಗಳಿವೆ. ನಾನು ಕಳ್ಳತನದಲ್ಲಿ ಮಾಡಿದೆ. ಆ ದಿನದ ಇಲಿಗಳ ಸಾಲಿನಲ್ಲೇ ಎರಡು ನಂಬರು ಹೆಚ್ಚಿಗೆ ಬರೆದೆ. ನಾಲ್ಕುನೂರ ಹದಿಮೂರು ಅಣ್ಣ. ನಾಲ್ಕುನೂರ ಹದಿನಾಲ್ಕು ನಾನು. ನನ್ನನ್ನು ಎತ್ತಿ ಆಡಿಸಿದವನಿಗೆ, ಅಪ್ಪ ಸತ್ತ ಮೇಲೆ ಅಪ್ಪನಾಗಿ ನಿಂತವನಿಗೆ, ನಾನು ಇಲಿಯ ನಂಬರು ಕೊಟ್ಟೆ.

ಈ ಪರೀಕ್ಷೆಯಲ್ಲಿ ಗೆರೆಗಳು ಬರುತ್ತವೆ. ಕೆಟ್ಟ ಜೀನು ಉದ್ದ, ಉದ್ದದ್ದು ಭಾರ, ಅದು ಕೆಳಗೆ ಓಡಲಾರದೆ ಮೇಲೇ ನಿಲ್ಲುತ್ತದೆ. ಒಳ್ಳೆಯದು ಕೆಳಗೆ ಇಳಿಯುತ್ತದೆ. ಅಣ್ಣನ ಸಾಲಿನಲ್ಲಿ ಒಂದು ಗೆರೆ ಕೆಳಗಿತ್ತು, ಒಂದು ಮೇಲೇ ನಿಂತಿತ್ತು. ನನ್ನ ಸಾಲಿನಲ್ಲಿ ಎರಡೂ ಕೆಳಗೆ. ಮೂರು ಸಲ ಮಾಡಿದೆ. ಮೂರು ಸಲವೂ ಹಾಗೇ.

ಇಲ್ಲಿ ನಾನು ಒಂದು ಮಾತು ಬಿಟ್ಟುಬಿಡಬಹುದಿತ್ತು, ಬಿಡುವುದಿಲ್ಲ. ನನ್ನ ಎರಡು ಗೆರೆಗಳನ್ನು ಕೆಳಗೆ ಕಂಡಾಗ ನನಗೆ ಖುಷಿಯಾಯಿತು. ಅಣ್ಣನ ಗೆರೆ ಪಕ್ಕದಲ್ಲೇ ಇತ್ತು, ಆದರೂ ಖುಷಿಯಾಯಿತು. ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆ, ಎರಡು ಬನ್ಸ್ ತಿಂದೆ. ತಿಂದು ಮುಗಿಸಿದ ಮೇಲೆ ಅಳು ಬಂತು.

ನಾನು ಪಾರಾದವಳು. ಹಾಗಾಗಿ ನನ್ನ ಜೀವದ ಭಯದಿಂದ ಸುಮ್ಮನಿದ್ದೆ ಎಂದು ಹೇಳಿಕೊಳ್ಳುವ ಹಕ್ಕೂ ನನಗಿಲ್ಲ. ನನಗೆ ಭಯವಿದ್ದದ್ದು ಬೇರೆಯದಕ್ಕೆ.

ಆ ತಿಂಗಳಲ್ಲೇ ಭಟ್ಕಳದಿಂದ ಸಂಬಂಧ ಬಂದಿತ್ತು. ನಿನ್ನ ಮಾವನದು — ಬಲೆ, ಹಗ್ಗದ ಅಂಗಡಿ, ಸ್ವಂತ ಮನೆ, ಒಬ್ಬನೇ ಮಗ. ನೋಡಲು ಬಂದ ದಿನ ಅವರ ತಾಯಿ, ಅಂದರೆ ನನ್ನ ಅತ್ತೆ, ಹಿತ್ತಲಿಗೆ ಕೈ ತೊಳೆಯಲು ಬಂದವರು ನನ್ನನ್ನು ಮೆಲ್ಲಗೆ ಕೇಳಿದರು:

"ನಿನ್ನಣ್ಣ ಸ್ವಲ್ಪ ಕುಡೀತಾನಂತಲ್ಲ, ಅದು ಹೋಗ್ಲಿ, ಎಲ್ಲ ಮನೇಲೂ ಒಬ್ರು ಇರ್ತಾರೆ. ರೋಗ ಗೀಗ ಎಂತ ಇಲ್ಲಲ್ಲ ನಿಮ್ಮನೇಲಿ?"

ನಾನು ಇಲ್ಲ ಎಂದೆ. ಅಣ್ಣ ಕುಡುಕನಾದರೆ ಮದುವೆ ನಿಲ್ಲುವುದಿಲ್ಲ, ರೋಗಿಯಾದರೆ ನಿಲ್ಲುತ್ತದೆ ಎಂದು ಆ ಹೆಂಗಸೇ ನನಗೆ ಬಿಡಿಸಿ ಹೇಳಿದ ಹಾಗಾಯಿತು. ನನ್ನ ಎರಡೂ ಗೆರೆ ಕೆಳಗಿವೆ ನೋಡಿ ಎಂದು ಅವರಿಗೆ ತೋರಿಸಲಾಗುತ್ತದೆಯೇ? ಅವರು ಮನೆತನ ನೋಡುವವರು, ಗೆರೆ ನೋಡುವವರಲ್ಲ. ನನಗೆ ಇಪ್ಪತ್ತಾರು ವರ್ಷ, ಅದಕ್ಕೆ ಮೊದಲು ಎರಡು ಕಡೆ ಬೇಡ ಎಂದು ಹೋಗಿದ್ದರು — ಹೀಗೆಲ್ಲ ಆಗ ಮನಸ್ಸಿನಲ್ಲೇ ಸಾಲು ಹಚ್ಚಿಕೊಂಡೆ. ಈಗ ಅದನ್ನು ಕಾರಣವೆಂದು ನಿನ್ನೆದುರು ಇಡುತ್ತಿಲ್ಲ. ಹಾಗೆ ಸಾಲು ಹಚ್ಚಿದೆ ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಅವರು ಹೋದ ಮರುದಿನ ಅಣ್ಣ ನನ್ನನ್ನು ದಂಡೆಗೆ ಕರೆದುಕೊಂಡು ಹೋದ. ಕವುಚಿ ಹಾಕಿದ್ದ ಹಳೆಯ ದೋಣಿಯ ಮೇಲೆ ಕೂತೆವು. ತಾಂಡೇಲ, ಅಂದರೆ ಅವನ ಬೋಟು ನಡೆಸುವವನು, ಕುಡಿದು ಬರಬೇಡವೆಂದು ಆಗಲೇ ಎರಡು ಸಲ ಎಚ್ಚರಿಕೆ ಕೊಟ್ಟಿದ್ದ. ಅತ್ತಿಗೆ ಮಾತು ಬಿಟ್ಟಿದ್ದಳು. ಅಣ್ಣ ತನ್ನ ಎರಡೂ ಕಾಲುಗಳನ್ನು ನನ್ನೆದುರು ನೀಡಿದ.

"ತಂಗಿ, ನೀ ಓದಿದವಳು. ನನ್ನ ಕಾಲಿಗೆ ಎಂತ ಆಗ್ಯದೆ ಹೇಳು. ಕುಡ್ದು ಆದದ್ದಲ್ಲ ಅಂತ ನಂಗೊತ್ತು. ಮತ್ತೆ ಎಂತದು ಅಂತ ಗೊತ್ತಿಲ್ಲ. ವೇಣಿ ಆವತ್ತು ಇಲಿ ನೋಡಿ ಹೇಳಿತ್ತಲ್ಲ... ನಂಗೂ ಹಂಗೇ ಕಂಡಿತು."

ನನಗೆ ಗೊತ್ತಿತ್ತು ವೇಣಿ. ಹೆಸರು ಗೊತ್ತಿತ್ತು. ಯಾವ ಕೋಶ ಸಾಯುತ್ತದೆ, ಯಾವ ಸಾಲಿನದು, ಎಲ್ಲ ಗೊತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಆ ಸಾಲನ್ನು ನಾನು ನೋಡಿದ್ದೆ — ಒಳ್ಳೆಯ ಇಲಿಯಲ್ಲಿ ದಂಡೆಯ ತೆಂಗಿನ ಮರಗಳ ಹಾಗೆ ಒತ್ತೊತ್ತಾಗಿ ನಿಂತಿರುತ್ತವೆ, ರೋಗದ ಇಲಿಯಲ್ಲಿ ನಡುನಡುವೆ ಬುಡ ಕಿತ್ತ ಜಾಗ. ಇಷ್ಟೆಲ್ಲ ಗೊತ್ತಿದ್ದವಳು ನಾನು ಅವನ ಕಾಲನ್ನು ನೋಡಿ, ಅವನ ಮುಖ ನೋಡದೆ ಹೇಳಿದೆ:

"ಎಂತದೂ ಇಲ್ಲ ಅಣ್ಣಾ. ಕುಡಿಯೂದು ಸ್ವಲ್ಪ ಕಮ್ಮಿ ಮಾಡು, ಎಲ್ಲ ಸರಿ ಆಗ್ತದೆ."

ಅವನು ಕಾಲು ಎಳೆದುಕೊಂಡ. "ನೀನೂ ಹಂಗೇ ಹೇಳ್ತ್ಯನೇ? ಆತು," ಎಂದ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಸಿಟ್ಟು ಮಾಡುವ ಜಾತಿಯೇ ಅಲ್ಲ ಅದು. ಅವತ್ತಿನಿಂದ ಅವನು ಇದು ಬೇರೇನೋ ಎಂದು ಯಾರೆದುರೂ ವಾದಿಸಲಿಲ್ಲ. ಓದಿದ ತಂಗಿಯೇ ಹೇಳಿದ ಮೇಲೆ ವಾದಿಸುವುದೇನು? ತನಗೆ ಗೊತ್ತಿದ್ದ ನಿಜವನ್ನೇ ಅವನು ಅನುಮಾನಿಸುವ ಹಾಗೆ ಮಾಡಿದೆ. ಭಾನುವಾರ ಎಲ್ಲರ ಜೊತೆ ಒಂದು ಲೋಟ ಕುಡಿಯುತ್ತಿದ್ದವನು ಅದನ್ನೂ ಬಿಟ್ಟ. ಕಾಲು ಸರಿ ಆಗಲಿಲ್ಲ.

ಆಮೇಲಿನದು ನೀನು ಕಣ್ಣಾರೆ ಕಂಡದ್ದು. ಆದರೆ ನೀನು ಕಂಡದ್ದು ಏನೆಂದು ನಿನಗೆ ಗೊತ್ತಿಲ್ಲ.

ಅವನು ಕುಡಿಯುವುದು ಬಿಟ್ಟೆ ಎನ್ನುತ್ತಾನೆ, ತೂರಾಡುವುದು ಬಿಟ್ಟಿಲ್ಲ, ಕದ್ದು ಕುಡಿಯುತ್ತಾನೆ ಎಂದು ದೂರು ಹೋಯಿತು. ಬುದವಂತರು, ಕೇರಿಯ ಹಿರಿಯರು, ಕುಡಿಯುತ್ತಿಲ್ಲವೆಂದು ಅಮ್ಮನವರ ಗುಡಿಯಲ್ಲಿ ಆಣೆ ಇಡಬೇಕೆಂದರು. ನಮ್ಮ ಕೇರಿಯ ಆಣೆ ಬರೀ ಬಾಯಿಮಾತಲ್ಲ. ಹಿತ್ತಾಳೆಯ ಕೈದೀಪ ಹೊತ್ತಿಸಿ ಕೊಡುತ್ತಾರೆ. ಅದನ್ನು ಹಿಡಿದು ಬಾಗಿಲಿನಿಂದ ಮೂರು ಮೆಟ್ಟಿಲು ಇಳಿದು, ತುಳಸಿಕಟ್ಟೆಯ ಗೂಡಿನಲ್ಲಿ ಇಡಬೇಕು. ಸುಳ್ಳು ಹೇಳುವವನ ಕೈಯಲ್ಲಿ ದೀಪ ನಿಲ್ಲುವುದಿಲ್ಲ ಎಂದು ನಂಬಿಕೆ. ಎಷ್ಟೋ ಸುಳ್ಳುಗಾರರು ಅದನ್ನು ಸಲೀಸಾಗಿ ಇಟ್ಟು ಬಂದಿರಬೇಕು, ಕೈ ಗಟ್ಟಿ ಇದ್ದರೆ ಸಾಕಲ್ಲ.

ಈ ರೋಗದಲ್ಲಿ ಕೈ ಸುಮ್ಮನಿದ್ದಾಗ ನಡುಗುವುದಿಲ್ಲ. ಏನನ್ನಾದರೂ ಮುಟ್ಟಲು, ಇಡಲು ಹೋದಾಗ ನಡುಗುತ್ತದೆ, ಗುರಿ ಹತ್ತಿರವಾದಷ್ಟೂ ಜಾಸ್ತಿ. ಇದು ಪುಸ್ತಕದಲ್ಲಿರುವ ಮಾತು, ನನಗೆ ಬಾಯಿಪಾಠ. ಅವನು ಮೂರು ಮೆಟ್ಟಿಲನ್ನು ಹೇಗೋ ಇಳಿದ. ಗೋಡೆ ಹಿಡಿಯಬಾರದು ಎಂದರು, ಹಿಡಿಯಲಿಲ್ಲ. ನಾನು ಹೆಂಗಸರ ಸಾಲಿನಲ್ಲಿ, ನಿನ್ನ ಹೆಗಲ ಮೇಲೆ ಕೈ ಇಟ್ಟು ನಿಂತಿದ್ದೆ. ತುಳಸಿಕಟ್ಟೆ ಇನ್ನೊಂದು ಮೊಳ ದೂರ ಇತ್ತು. ಈಗ ಕೈ ನಡುಗುತ್ತದೆ ಎಂದು ನನಗೆ ಗೊತ್ತಿತ್ತು. ಇಡೀ ಗುಡಿಯಲ್ಲಿ ದೇವರನ್ನು ಬಿಟ್ಟರೆ ನನಗೊಬ್ಬಳಿಗೆ ಗೊತ್ತಿತ್ತು. ಕೈ ಗೂಡಿನ ಹತ್ತಿರ ಹೋಯಿತು, ನಡುಗಿತು, ಎಣ್ಣೆ ಚೆಲ್ಲಿತು, ದೀಪ ಕಲ್ಲಿಗೆ ಬಡಿದು ಆರಿತು.

ಅಣ್ಣ ತಿರುಗಿ ನೋಡಿದ್ದು ಅತ್ತಿಗೆಯನ್ನಲ್ಲ, ಬುದವಂತರನ್ನಲ್ಲ. ನನ್ನನ್ನು. ಅವನು ನಿನ್ನನ್ನು ನೋಡಿದನೆಂದು ನೀನು ಅಂದುಕೊಂಡಿರಬಹುದು, ನೀನು ನನ್ನ ಮುಂದೆಯೇ ಇದ್ದೆ. ಅಲ್ಲ, ನನ್ನನ್ನು. ನಾನು ತಲೆ ತಗ್ಗಿಸಿದೆ. ಬುದವಂತರು, "ಆತು. ಇನ್ನೆಂತ ನೋಡೂದದೆ," ಎಂದು ಎದ್ದರು.

ಆಣೆಯ ದೀಪ ಆರಿಸಿದವನನ್ನು ಹೊನ್ನಾವರದಿಂದ ಆಚೀಚೆ ಯಾವ ಬೋಟಿನವರೂ ಹತ್ತಿಸಲಿಲ್ಲ, ಅಪಶಕುನ ಎಂದು. ಹತ್ತು ದಿನಕ್ಕೆ ಅತ್ತಿಗೆ ನಿನ್ನನ್ನು ಕರೆದುಕೊಂಡು ಕುಮಟಾಕ್ಕೆ, ತನ್ನ ತೌರಿಗೆ ಹೋದಳು. ಅವಳದು ತಪ್ಪೆಂದು ನಾನು ಹೇಳುವುದಿಲ್ಲ. ದೇವರೆದುರು ಸುಳ್ಳಾಡಿದ ಗಂಡ ಎಂದು ಅವಳಿಗೆ ಕಂಡದ್ದು ನನ್ನಿಂದ. ಎರಡು ತಿಂಗಳಿಗೆ ನನ್ನ ಮದುವೆಯಾಯಿತು. ಅಣ್ಣ ಚಪ್ಪರದ ಕಂಬ ಹಿಡಿದು ನಿಂತಿದ್ದ. ಭಟ್ಕಳದವರು ನೋಡಿ ನೋಡದ ಹಾಗೆ ಮಾಡಿದರು. ನಾನು ಕಾಲಿಗೆ ಬಿದ್ದಾಗ ನನ್ನ ತಲೆಯ ಮೇಲೆ ಕೈ ಇಡಲು ಬಂದ. ಅದೂ ನಡುಗಿತು, ಮೊದಲು ಕಿವಿಗೆ ತಾಗಿ ಆಮೇಲೆ ತಲೆಗೆ ಬಂತು.

ಮತ್ತೆ ಎಂಟು ವರ್ಷ ಬದುಕಿದ. ಆಯಿ ಅನ್ನ ಕಲಸಿ ತಿನ್ನಿಸಿದಳು. ಮಾತು ತೊದಲಿದ ಮೇಲೆ ಹೋದ ಬಂದವರು ಹಗಲೇ ಕುಡಿದಿದ್ದಾನೆ ಎಂದು ಮೂಗು ಮುರಿದರು. ನಾನು ತಿಂಗಳಿಗೊಮ್ಮೆ ಭಟ್ಕಳದಿಂದ ಬಂದು ಹಣ್ಣು ಕೊಟ್ಟು ಹೋದೆ. ಔಷಧ ಇಲ್ಲದ ರೋಗ, ಹೇಳಿದ್ದರೂ ಏನು ಮಾಡಲಾಗುತ್ತಿತ್ತು ಎಂದು ಬಸ್ಸಿನಲ್ಲಿ ಕೂತು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಔಷಧ ಇರಲಿಲ್ಲ, ನಿಜ. ಆದರೆ ಹೇಳಿದ್ದರೆ ಅವನ ಕೈಗೆ ಯಾರೂ ಆ ದೀಪ ಕೊಡುತ್ತಿರಲಿಲ್ಲ. ಅತ್ತಿಗೆ ಮನೆಯಲ್ಲೇ ಇರುತ್ತಿದ್ದಳು. ಬಚ್ಚಲಿಗೆ ಹೋಗುವ ದಾರಿಗೆ ಒಂದು ಹಿಡಿಗೋಲು ಕಟ್ಟಿಸುತ್ತಿದ್ದೆವು. ನೀನು ಶಾಲೆಯಿಂದ ಬಂದು ಅವನ ಪಕ್ಕದಲ್ಲಿ ಕೂರುತ್ತಿದ್ದೆ. ಕೊನೆಗೆ ಕುಡಿದ ನೀರು ಶ್ವಾಸಕ್ಕೆ ಹೋಗಿ, ಎದೆಯಲ್ಲಿ ಕಫ ಕಟ್ಟಿ ಸತ್ತ. ನೀನು ಬಂದೆ, ಅಂಗಳದಾಚೆ ನಿಂತು ಹೋದೆ, ಮುಖ ನೋಡಲಿಲ್ಲ. ಒಳಗೆ ಬಾ ಎಂದು ನಿನ್ನನ್ನು ಕರೆಯುವ ಯೋಗ್ಯತೆ ಆ ಮನೆಯಲ್ಲಿ ಆಯಿಗಿತ್ತು, ಅತ್ತು ಅತ್ತು ಅವಳಿಗೆ ದನಿ ಇರಲಿಲ್ಲ. ನನಗೆ ದನಿ ಇತ್ತು.

ಇನ್ನೂ ಒಂದಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನೀನು ರಜೆಗೆ ಭಟ್ಕಳಕ್ಕೆ ಬಂದಾಗ, ವಾಪಸು ಬಿಡಲು ಬರುವಾಗ, ನಾನು ನಿನ್ನನ್ನು ಧಾರೇಶ್ವರದ ದಂಡೆಗೆ ಕರೆದುಕೊಂಡು ಹೋಗುತ್ತಿದ್ದೆ. ದೇವಸ್ಥಾನಕ್ಕೆ ಕೈ ಮುಗಿದು ದಂಡೆಗೆ ಇಳಿದು, ಓಡು ನೋಡೋಣ, ಆ ಕಲ್ಲು ಮುಟ್ಟಿ ಬಾ ಎನ್ನುತ್ತಿದ್ದೆ. ನೀನು ನಗುತ್ತ ಓಡುತ್ತಿದ್ದೆ. ಅತ್ತೆ ಆಟ ಆಡಿಸುತ್ತಾಳೆ ಎಂದುಕೊಂಡಿದ್ದೆ ನೀನು. ನಾನು ಹಿಂದಿನಿಂದ ಬಗ್ಗಿ ಒದ್ದೆ ಮರಳಿನ ಮೇಲೆ ನಿನ್ನ ಹೆಜ್ಜೆ ನೋಡುತ್ತಿದ್ದೆ. ಅಗಲ ಎಷ್ಟು, ನೇರ ಇದೆಯೋ ಇಲ್ಲವೋ. ಪ್ರತಿ ವರ್ಷ. ಅಣ್ಣನಿಗೆ ಇಲಿಯ ನಂಬರು ಕೊಟ್ಟದ್ದು ಸಾಲದೆಂದು ಅವನ ಮಗಳನ್ನೂ ಹಾಳೆಯ ಮೇಲೆ ನಡೆಸಿದೆ. ಪ್ರೀತಿ ಇರಲಿಲ್ಲವೇ ಎಂದರೆ ಇತ್ತು. ಆದರೆ ಪ್ರೀತಿ ಇದ್ದವರು ಹೇಳುತ್ತಾರೆ, ಅಳೆಯುವುದಿಲ್ಲ.

ನಿನ್ನ ಹೆಜ್ಜೆ ನೇರವಾಗಿತ್ತು. ಆದರೆ ಅದರಿಂದ ಏನೂ ಗೊತ್ತಾಗುವುದಿಲ್ಲ, ಆ ವಯಸ್ಸಿನಲ್ಲಿ ನಿನ್ನ ಅಪ್ಪನದೂ ನೇರವೇ ಇತ್ತು. ನಿನ್ನ ರಕ್ತವನ್ನು ನಾನು ಮುಟ್ಟಿಲ್ಲ, ಆಣೆ ಹಾಕುವ ಬಾಯಿ ನನ್ನದಲ್ಲ, ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ನಿನಗೆ ಬಂದಿರಬಹುದು, ಬರದೆಯೂ ಇರಬಹುದು. ಅರ್ಧಕ್ಕರ್ಧ. ಬಂದಿದ್ದರೆ ಅಪ್ಪನಿಗಿಂತ ಸ್ವಲ್ಪ ಬೇಗ ಕಾಣಿಸುವುದೂ ಉಂಟು. ಪರೀಕ್ಷೆ ಈಗ ದೊಡ್ಡ ಆಸ್ಪತ್ರೆಗಳಲ್ಲಿ ಮಾಡುತ್ತಾರೆ, ಮೊದಲು ಕೂರಿಸಿ ಮಾತಾಡುತ್ತಾರೆ, ಬೇಡವೆನಿಸಿದರೆ ಮಾಡಿಸದೆ ಎದ್ದು ಬರಬಹುದು. ತಿಳಿದುಕೊಳ್ಳುವುದೂ ತಿಳಿಯದಿರುವುದೂ ನಿನ್ನ ಹಕ್ಕು. ಆ ಹಕ್ಕನ್ನು ನಿನ್ನ ಅಪ್ಪನಿಂದ ಕಸಿದುಕೊಂಡವಳು ನಾನು, ನಿನ್ನಿಂದಲೂ ಇಷ್ಟು ವರ್ಷ ಕಸಿದಿಟ್ಟೆ. ನೀನು ಮದುವೆಯಾಗುವ ಅಪ್ಸರಕೊಂಡದ ಹುಡುಗನಿಗೆ ಹೇಳಬೇಕೋ ಬೇಡವೋ ಅದೂ ನಿನ್ನದೇ ತೀರ್ಮಾನ. ನನ್ನನ್ನು ಕೇಳಬೇಡ. ಆ ವಿಷಯದಲ್ಲಿ ನಾನು ಏನು ಮಾಡಿದೆ ಎಂದು ಮೇಲೆ ಬರೆದಿದ್ದೇನೆ.

ಈಗಲಾದರೂ ಯಾಕೆ ಹೇಳುತ್ತಿದ್ದೀಯಾ ಎಂದು ಕೇಳಿದರೆ — ನನಗೆ ತಾನಾಗಿ ಬುದ್ಧಿ ಬಂದದ್ದಲ್ಲ. ಹೋದ ವಾರ ಅತ್ತಿಗೆ ಫೋನು ಮಾಡಿದಳು. ಮದುವೆಗೆ ಮೊದಲು ಕೇರಿಯ ಬಾಕಿ ತೀರಿಸಬೇಕಂತೆ. ಅಪ್ಪ ಆರಿಸಿದ ದೀಪವನ್ನು ಮಗಳು ಹೊತ್ತಿಸಿ ತುಳಸಿಕಟ್ಟೆಗೆ ಮುಟ್ಟಿಸಿ, ಅವನ ಸುಳ್ಳು ಆಣೆಗೆ ತಪ್ಪುಕಾಣಿಕೆ ಹಾಕಬೇಕಂತೆ, ಸೋಮವಾರ ಬೆಳಿಗ್ಗೆ. ನೀನು ಒಪ್ಪಿದ್ದೀಯಂತೆ. ನಾನು ಹತ್ತಿರ ನಿಂತರೆ ನಿನಗೆ ಧೈರ್ಯ ಎಂದು ನನ್ನನ್ನೂ ಬರಹೇಳಿದಳು. ನಾನು ಹ್ಞೂಂ ಎಂದು ಫೋನಿಟ್ಟೆ. ಕೈದೀಪ ಹಿಡಿದ ನಿನ್ನ ಕೈ ಕಣ್ಣೆದುರು ಬಂತು. ಅದು ನಡುಗದಿದ್ದರೆ ನಿನ್ನ ಅಪ್ಪ ಸುಳ್ಳುಗಾರನೆಂದು ಎರಡನೆಯ ಸಲ ಸಾಬೀತಾಗುತ್ತದೆ. ನಡುಗಿದರೆ — ಭಯಕ್ಕೇ ನಡುಗಿದರೂ — ನಿನ್ನ ಬದುಕು ಅಲ್ಲೇ ಮುಗಿಸುತ್ತಾರೆ. ಅವತ್ತು ನಿನ್ನ ಅಪ್ಪ ನೋಡಿದ ಹಾಗೆ ನೀನು ತಿರುಗಿ ನನ್ನ ಮುಖ ನೋಡುತ್ತೀಯ. ಆಗ ನಾನು ಎಲ್ಲಿ ನೋಡಲಿ?

ನಿನ್ನ ಮಾವನಿಗೆ ಮೊನ್ನೆ ಎಲ್ಲ ಹೇಳಿದೆ. ಅವರು ಅಂಗಡಿಯ ಕೀಲಿಕೈ ಹಿಡಿದುಕೊಂಡೇ, ನಿನಗೂ ಇದೆಯಾ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಉಸಿರು ಬಿಟ್ಟರು. ಅವರ ಮೇಲೆ ಸಿಟ್ಟು ಬಂತು. ಆಮೇಲೆ ಆ ಕ್ಯಾಂಟೀನಿನ ಬನ್ಸ್ ನೆನಪಾಗಿ ಸುಮ್ಮನಾದೆ. ಆಯಿಗೆ ನಾಳೆ ಹೇಳುತ್ತೇನೆ. ಅವಳು ನನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳದಿದ್ದರೂ ಸರಿ.

ಕ್ಷಮಿಸು ಎಂದು ಬರೆದು ಹೊಡೆದು ಹಾಕಿದ್ದೇನೆ, ಮೇಲೆ ಗೀಚಿದ್ದು ಅದೇ. ಯಾರಲ್ಲಿ ಕ್ಷಮೆ ಕೇಳಬೇಕಿತ್ತೋ ಅವನು ನಾಲ್ಕು ವರ್ಷದ ಹಿಂದೆ ಹೋದ. ನಿನ್ನಿಂದ ಅದನ್ನು ಪಡೆದು ಹಗುರಾಗುವ ಆಸೆ ನನಗೆ ಬೇಡ. ಆದರೆ ಒಂದನ್ನು ಕೇಳುತ್ತೇನೆ. ಅವನ ಫೋಟೋ ನಿಮ್ಮ ಮನೆಯಲ್ಲಿ ಇಲ್ಲ ಎಂದು ನನಗೆ ಗೊತ್ತು. ಆಯಿಯ ಹತ್ತಿರ ಒಂದಿದೆ, ಬೋಟಿನ ಅಂಚಿನ ಮೇಲೆ ಕೈ ಬಿಟ್ಟು ನಿಂತದ್ದು. ಅದನ್ನು ತರುತ್ತೇನೆ. ಇಟ್ಟುಕೋ.

ಸೋಮವಾರ ನೀನು ಆ ದೀಪ ಹಿಡಿಯಬೇಡ. ನಾನು ಬರುತ್ತೇನೆ. ಬುದವಂತರ ಕೈಯಿಂದ ನಾನೇ ಇಸಿದುಕೊಳ್ಳುತ್ತೇನೆ, ಮೂರು ಮೆಟ್ಟಿಲು ನಾನೇ ಇಳಿಯುತ್ತೇನೆ, ತಪ್ಪುಕಾಣಿಕೆಯನ್ನು ನನ್ನ ಹೆಸರಿನಲ್ಲಿ ಹಾಕುತ್ತೇನೆ. ನನ್ನ ಕೈ ನಡುಗುವುದಿಲ್ಲ, ಅದು ನನಗೆ ಮೂರು ಸಲ ಪರೀಕ್ಷೆ ಮಾಡಿ ಗೊತ್ತು. ದೀಪ ಆರುವುದಿಲ್ಲ. ಅದು ಉರಿಯುತ್ತಿರುವಾಗಲೇ ಕೇರಿಯವರ ಕಡೆ ತಿರುಗಿ ಹೇಳುತ್ತೇನೆ — ನೋಡಿ, ಸುಳ್ಳು ಹೇಳಿದವಳ ಕೈ ಇದು.